ಡಾಕ್ಟರಮ್ಮನ ಕಾರಿಗೆ ಗಾಳಿಕೊಳವೆ ಕಟ್ಟಿದ ಬೇಸಿಗೆ

ಕಳೆದ ತಿಂಗಳು ನಮ್ಮ ವರ್ಕ್‌ಶಾಪಿನ ಪಕ್ಕದ ಕಟ್ಟಡದಲ್ಲಿ ನಲ್ಲಿ ಕೆಲಸದವರು ಪೈಪು ಬಗ್ಗಿಸುತ್ತಿದ್ದರು. ಪಿವಿಸಿ ಪೈಪನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡುವಾಗ ಒಂದು ವಾಸನೆ ಬರುತ್ತದೆ, ಮೂಗಿನಿಂದ ನೇರ ಗಂಟಲಿಗೆ ಇಳಿಯುವಂಥದ್ದು. ಸ್ಪ್ಯಾನರ್ ಹಿಡಿದು ಬಗ್ಗಿದ್ದವನು ಹಾಗೇ ನಿಂತುಬಿಟ್ಟೆ. ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆ ಆ ಹೊಗೆಯ ಜೊತೆ ಬಂದು ಎದುರಿಗೆ ನಿಂತಿತು. ಅದನ್ನು ಈವರೆಗೆ ಯಾರ ಹತ್ತಿರವೂ ಪೂರ್ತಿಯಾಗಿ ಹೇಳಿಕೊಂಡವನಲ್ಲ ನಾನು.

ನನ್ನ ಹೆಸರು ಸಿದ್ದರಾಜು. ಹುಟ್ಟಿದ್ದು ಗುಂಡ್ಲುಪೇಟೆ ಕಡೆ. ಅಪ್ಪ ಅವ್ವ ಇಬ್ಬರೂ ಹೊಲಗದ್ದೆಯ ಕೂಲಿಗೆ ಹೋಗುತ್ತಿದ್ದವರು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಒಬ್ಬ ಮಲಯಾಳಿ ಮೇಸ್ತ್ರಿಯ ಹತ್ತಿರ ಒಂಬತ್ತು ವರ್ಷ ಕೆಲಸ ಕಲಿತೆ. ಅವರನ್ನು ಎಲ್ಲರೂ ಆಶಾನ್ ಎಂದೇ ಕರೆಯುತ್ತಿದ್ದರು, ಅವರ ಕಡೆ ಗುರುವಿಗೆ ಹಾಗನ್ನುತ್ತಾರೆ. ಅಲ್ಲಿಂದ ಬಿಟ್ಟು ಚಾಮರಾಜನಗರಕ್ಕೆ ಬಂದು ತಗಡಿನ ಸೂರಿನ ಕೆಳಗೆ ಸ್ವಂತ ವರ್ಕ್‌ಶಾಪು ಹಾಕಿದೆ. ಬರುತ್ತಿದ್ದುದೆಲ್ಲ ಆಟೋ, ಗೂಡ್ಸ್ ಟೆಂಪೋ, ಹಳೇ ಜೀಪು. ದೊಡ್ಡ ಗಾಡಿ ಅಂತ ಮೊದಲು ಬಂದದ್ದು ಡಾಕ್ಟರಮ್ಮನ ಕಾರು.

ಡಾಕ್ಟರಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರಾಗಿದ್ದು ನಿವೃತ್ತರಾದವರು. ಊರಿನ ಅರ್ಧಕ್ಕರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಆ ಕಾರು ಯಜಮಾನರದ್ದು. ಕಪ್ಪಗೆ ಉದ್ದಕ್ಕಿದ್ದ ಹೊರದೇಶದ ಗಾಡಿ. ಹದಿನೆಂಟು ವರ್ಷ ಹಳೆಯದು. ಚರ್ಮದ ಸೀಟು, ಮರದ ಹಲಗೆ ಕೂರಿಸಿದ ಡ್ಯಾಶ್‌ಬೋರ್ಡು. ಪೇಟೆಯಲ್ಲಿ ಅದಕ್ಕೆ ‘ಡಾಕ್ಟರಮ್ಮನ ಹಡಗು’ ಅಂತಲೇ ಹೆಸರು. ಪ್ರತಿ ಗುರುವಾರ ಅದನ್ನು ತಾವೇ ಓಡಿಸಿಕೊಂಡು ಚಂದಕವಾಡಿ ದಾಟಿ ಒಳಗಿರುವ ಯಜಮಾನರ ಹುಟ್ಟೂರಿಗೆ ಹೋಗಿ, ಹಳೇ ಪಂಚಾಯಿತಿ ಕಟ್ಟಡದ ಒಂದು ಕೋಣೆಯಲ್ಲಿ ಕೂತು ಬಸುರಿ ಬಾಣಂತಿಯರನ್ನು ನೋಡಿ ಬರುತ್ತಿದ್ದರು.

ಏಪ್ರಿಲ್ ಮೊದಲ ವಾರ ಅವರು ನಮ್ಮ ವರ್ಕ್‌ಶಾಪಿನ ಮುಂದೆ ಕಾರು ನಿಲ್ಲಿಸಿದಾಗ ಮಧ್ಯಾಹ್ನ ಎರಡು ಗಂಟೆ. ತಗಡು ಕಾದು ಒಳಗೆ ನಿಲ್ಲುವ ಹಾಗಿರಲಿಲ್ಲ.

“ಬೆಳಿಗ್ಗೆ ಚೆನ್ನಾಗಿ ಓಡುತ್ತೆ ಸಿದ್ದರಾಜು. ಬಿಸಿಲೇರಿತು ಅಂದರೆ ಏದುಸಿರು ಬಿಡೋಕೆ ಶುರು ಮಾಡುತ್ತೆ. ಮೊನ್ನೆ ಏರಿನಲ್ಲಿ ನಿಂತೇ ಹೋಯ್ತಪ್ಪ” ಎಂದರು.

ಬಾನೆಟ್ ಎತ್ತಿ ನೋಡಿದೆ. ಇಂಜಿನ್ನಿಗೆ ಗಾಳಿ ಸೋಸಿ ಕೊಡುವ ಪ್ಲಾಸ್ಟಿಕ್ ಪೆಟ್ಟಿಗೆ ಸೀಳಿಹೋಗಿತ್ತು. ಯಾರೋ ಅದಕ್ಕೆ ಟೇಪು ಸುತ್ತಿ ಕೈತೊಳೆದುಕೊಂಡಿದ್ದರು. ಹೊರಗಿನ ತಂಪುಗಾಳಿ ಎಳೆಯಬೇಕಾದ ಇಂಜಿನ್ನು ತನ್ನದೇ ಕಾವಿನ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತಿತ್ತು. ಬಿಸಿಗಾಳಿ ತೆಳು, ಅದರಲ್ಲಿ ಇಂಜಿನ್ನಿಗೆ ದಮ್ಮು ಸಿಗುವುದಿಲ್ಲ. ಹೊಸ ಪೆಟ್ಟಿಗೆಗೆ ಮೈಸೂರು, ಬೆಂಗಳೂರು ಎಲ್ಲ ಕಡೆ ಫೋನು ಮಾಡಿಸಿದೆ. ಆ ಮಾಡೆಲ್ಲೇ ನಿಂತುಹೋಗಿದೆ, ಎಲ್ಲೂ ಇಲ್ಲ ಎಂದರು.

“ನಾನೇ ಮಾಡ್ಕೊಡ್ತೀನಿ ಡಾಕ್ಟರಮ್ಮ. ಕಂಪನಿದಕ್ಕಿಂತ ಚೆನ್ನಾಗಿರ್ತದೆ” ಅಂದುಬಿಟ್ಟೆ.

ಆ ಕೊನೆಯ ಮಾತು ಯಾಕೆ ಬಂತೋ. ಅಂಥ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ.

ಮೊದಲು ಮೂರಿಂಚು ಪಿವಿಸಿ ಪೈಪು ತಂದು ಕಾಯಿಸಿ ಬಗ್ಗಿಸಿ ಕೂರಿಸಿದೆ. ನೋಡಲು ಸೊಗಸಾಗಿತ್ತು. ಎರಡನೇ ದಿನ ರೇಡಿಯೇಟರಿನ ಕಾವಿಗೆ ನಡುವೆ ಮೆತ್ತಗಾಗಿ ಜೋತುಬಿತ್ತು. ಕಾರಿನೊಳಗೆಲ್ಲ ಆ ಸುಟ್ಟ ವಾಸನೆ. ಕಿತ್ತು ಬಿಸಾಕಿದೆ. ಆಮೇಲೆ ಗುಜರಿಯಲ್ಲಿ ಒಂದು ದಿನವೆಲ್ಲ ಹುಡುಕಿ ಲಾರಿಯೊಂದರ ಅಲ್ಯೂಮಿನಿಯಂ ಪೈಪು ತಂದೆ. ಬಾಗುವ ಕಡೆಗೆ ಲಾರಿಯದೇ ದಪ್ಪ ರಬ್ಬರ್ ಹೋಸು, ಜೀಪಿನ ಗಾಳಿ ಫಿಲ್ಟರು. ಇಂಜಿನ್ನಿನ ಕಾವು ತಾಗದ ಹಾಗೆ ಹಳೇ ಅಂಗಡಿ ಬೋರ್ಡಿನ ತಗಡು ಕತ್ತರಿಸಿ ಅಡ್ಡಗೋಡೆ ಕಟ್ಟಿದೆ. ಎಷ್ಟು ಗಾಳಿ ಒಳಕ್ಕೆ ಹೋಯಿತು ಅಂತ ಅಳೆಯುವ ಒಂದು ಸೆನ್ಸರ್ ಇರುತ್ತದೆ, ಅದು ನನ್ನನ್ನು ಐದು ದಿನ ಸತಾಯಿಸಿತು. ಕೊಳವೆಯ ಬಾಗಿನಲ್ಲಿ ಕೂರಿಸಿದರೆ ಗಾಳಿ ಸುಳಿ ಸುತ್ತಿ ಲೆಕ್ಕ ತಪ್ಪುತ್ತಿತ್ತು, ಕಾರು ಜಗ್ಗಿ ಜಗ್ಗಿ ಓಡುತ್ತಿತ್ತು. ಕೊನೆಗೆ ಒಂದು ಗೇಣು ನೆಟ್ಟಗಿರುವ ತುಂಡು ಸೇರಿಸಿ ಅದರ ನಡುವೆ ಸೆನ್ಸರ್ ಇಟ್ಟ ಮೇಲೆ ಇಂಜಿನ್ನು ಒಂದೇ ಸಮನೆ ಉಸಿರಾಡಿತು.

ಉಳಿದದ್ದು ಕೊಳವೆಯ ಬಾಯಿ. ತಂಪುಗಾಳಿ ಸಿಗುವುದು ಕೆಳಗೆ, ಮುಂದೆ. ಬಂಪರಿನಲ್ಲಿ ಎಡಗಡೆಯ ಫಾಗ್‌ಲೈಟು ಒಡೆದುಹೋಗಿ ದುಂಡನೆಯ ಒಂದು ತೂತು ಖಾಲಿ ಇತ್ತು. ಫಿಲ್ಟರನ್ನು ಅದರ ಹಿಂದಕ್ಕೇ ಇಳಿಸಿ ಕಟ್ಟಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು.

ಓಡಿಸಿ ನೋಡಲು ಮಧ್ಯಾಹ್ನವೇ ಹೊರಟೆ. ತೆರಕಣಾಂಬಿ ಮೇಲೆ ಗುಂಡ್ಲುಪೇಟೆವರೆಗೆ. ಹೊಲಗಳು ಬಣಗುಡುತ್ತಿದ್ದವು, ರಸ್ತೆಯ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಕಾಲಿಟ್ಟರೆ ಸಾಕು, ಗಾಡಿ ಹಾರುತ್ತಿತ್ತು. ಬಾನೆಟ್ಟಿನ ಒಳಗಿಂದ ದೊಡ್ಡ ಪ್ರಾಣಿಯೊಂದು ಉಸಿರೆಳೆದುಕೊಂಡ ಹಾಗೆ ಶಬ್ದ. ನನಗೆ ಒಬ್ಬನೇ ಕೂತು ಕೂಗಬೇಕು ಅನ್ನಿಸಿತ್ತು.

ಆಶಾನ್‌ಗೆ ತೋರಿಸದೆ ಇರಲಾಗಲಿಲ್ಲ. ಅವರು ಬಾನೆಟ್ ಎತ್ತಿ ಪೈಪಿನ ಮೇಲೆಲ್ಲ ಕೈಯಾಡಿಸಿದರು. ಆಮೇಲೆ ಗೋಣಿ ಹಾಸಿಕೊಂಡು ಬಂಪರಿನ ಕೆಳಗೆ ಮಲಗಿದರು. ಏಳಲು ತುಸು ಹೊತ್ತು ಹಿಡಿಯಿತು. ಮೂವತ್ತು ವರ್ಷದಿಂದ ಗುಂಡ್ಲುಪೇಟೆಯಲ್ಲಿದ್ದು ಅವರ ಮಾತೂ ನಮ್ಮ ಕಡೆಯದೇ ಆಗಿತ್ತು.

“ಕೆಲ್ಸ ಚೆನ್ನಾಗದ ಕಣ್ಲಾ. ಆದ್ರ ಬಾಯಿ ಎಲ್ಲಿ ಮಡಗಿದ್ದೀಯ ನೋಡು. ಗಾಳಿ ಯಾವ್ದು ನೀರ್ಯಾವ್ದು ಅಂತ ಇದ್ಕ ಗೊತ್ತಾಯ್ತದಾ?”

ನಾನೂ ಬಗ್ಗಿ ನೋಡಿದೆ.

“ಮೊಣಕಾಲುದ್ದ ನೀರಿಗ ಇಳುದ್ರ ಒಂದೇ ಗುಟುಕು. ಒಳಗಿನ ರಾಡು ಬಗ್ಗೋಯ್ತದ. ಗಾಡಿ ನಡುನೀರಲ್ಲಿ ನಿಂತ್ಕತದ. ಓಡುಸೋರು ಯಾರು? ವಯಸ್ಸಾದ ಎಂಗ್ಸು.”

“ಮಳ ಎಲ್ಲದ ಆಶಾನ್ ಈಗ? ಮಳಗಾಲಕ್ಕ ಮುಂಚ ಎತ್ತಿ ಕಟ್ತೀನಿ.”

“ಇವತ್ತೇ ಎತ್ತು” ಅಂದರು. ಕೈ ಒರೆಸಿಕೊಂಡು ಒಳಗೆ ಹೋದರು.

ವಾಪಸು ಬರುವಾಗ ಎತ್ತಬೇಕು ಅಂತಲೇ ಇದ್ದೆ. ಆದರೆ ವರ್ಕ್‌ಶಾಪಿನ ಮುಂದೆ ಡಾಕ್ಟರಮ್ಮ ಬಂದು ಕಾಯುತ್ತಿದ್ದರು. ಕೀ ಇಸಿದುಕೊಂಡು ಒಂದು ಸುತ್ತು ಹೋಗಿ ಬಂದರು. ಇಳಿದಾಗ ಅವರ ಕಣ್ಣು ತುಂಬಿತ್ತು.

“ನಮ್ಮ ಯಜಮಾನರು ಹೋದ ಮೇಲೆ ಇದು ಹೀಗೆ ಓಡೇ ಇರಲಿಲ್ಲ ಕಣಪ್ಪ” ಎಂದರು.

ಆ ಮುಖ ನೋಡಿಕೊಂಡು ‘ಕೊಡಿ, ಇದರಲ್ಲೊಂದು ತಪ್ಪಿದೆ’ ಅಂತ ಹೇಗೆ ಹೇಳುವುದು? ನಾಳೆ ಹೇಳೋಣ ಅಂದುಕೊಂಡೆ. ನಾಳೆ ಬೇರೆ ಕೆಲಸ ಬಂತು. ಡಾಕ್ಟರಮ್ಮ ಸಿಕ್ಕಿದವರಿಗೆಲ್ಲ ನನ್ನ ಕೈಗುಣ ಹೊಗಳಿದರು. ಅವರ ಮಾತು ಕೇಳಿ ಇಬ್ಬರು ತಮ್ಮ ಕಾರಿಗೂ ಅಂಥದ್ದೇ ಕಟ್ಟಿಕೊಡು ಅಂತ ಬಂದು ನಿಂತರು. ಹೊಗಳಿಕೆ ಬಂದಷ್ಟೂ ನನ್ನ ನಾಲಿಗೆ ಒಳಕ್ಕೆ ಹೋಯಿತು. ಅಷ್ಟರಲ್ಲಿ ಏಪ್ರಿಲ್ ಮುಗಿದು ಮೇ ಬಂದಿತ್ತು. ಸಂಜೆಯಾದರೆ ಬಿಳಿಗಿರಿರಂಗನ ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು, ಗುಡುಗುತ್ತಿತ್ತು, ಮಳೆ ಬೀಳದೆ ಚದುರುತ್ತಿತ್ತು. ಮೋಡ ಚದುರಿದಾಗಲೆಲ್ಲ ನನಗೊಂದು ಸಮಾಧಾನ. ರಾತ್ರಿ ಊಟ ಸೇರುತ್ತಿರಲಿಲ್ಲ. ನನ್ನ ಹೆಂಡತಿ ಮಂಗಳ ಕೇಳಿ ಕೇಳಿ ಕೊನೆಗೆ ವಿಷಯ ಬಾಯಿ ಬಿಡಿಸಿದಳು.

“ಒಂದ್ ಫೋನ್ ಮಾಡಿ ಹೇಳ್ಬುಡಿ. ಅವ್ರೇನ್ ನಿಮ್ಮ ನುಂಗ್ಬುಟ್ಟಾರಾ?”

“ಶನಿವಾರ ಸರ್ವಿಸಿಂಗ್ ನೆಪ ಮಾಡ್ಕಂಡು ಗಾಡಿ ತರುಸ್ಕತೀನಿ. ಅವ್ರ್ಗ ಗೊತ್ತಾಗ್ದಂಗ ಎತ್ಬುಡ್ತೀನಿ” ಅಂದೆ.

ಗೊತ್ತಾಗದ ಹಾಗೆ. ಅದೇ ನನಗೆ ಬೇಕಿದ್ದದ್ದು.

ಶನಿವಾರಕ್ಕೆ ಮುಂಚೆ ಗುರುವಾರ ಬಂತು. ಬೆಳಿಗ್ಗೆಯೇ ಗಾಳಿಯಿಲ್ಲದೆ ಉಬ್ಬೆ. ಹನ್ನೊಂದು ಗಂಟೆಗೆ ಕತ್ತಲು ಕವಿದು ಮಳೆ ಹೊಡೆಯತೊಡಗಿತು. ತಗಡಿನ ಮೇಲೆ ಬೀಳುತ್ತಿದ್ದ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಎರಡು ತಾಸಾದರೂ ನಿಲ್ಲಲಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿದೆ, ಹತ್ತಲಿಲ್ಲ. ಮತ್ತೆ ಮಾಡಿದೆ. ಆ ಊರಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ಒಂದೂವರೆ ಹೊತ್ತಿಗೆ ಹಾಲಿನ ಟೆಂಪೋದವನೊಬ್ಬ ವೈಪರ್ ಕೆಟ್ಟಿತೆಂದು ಒಳಗೆ ತಂದು ನಿಲ್ಲಿಸಿದ.

“ಚಂದಕವಾಡಿ ಆಚ ಹಳ್ಳ ಬಂದ್ಬುಟ್ಟದ ಕಣಣ್ಣ. ಸೇತುವ ಮ್ಯಾಲೇ ನೀರು. ಕೊನೇಲಿ ದಾಟ್ಕಂಡ್ ಬಂದವ್ನು ನಾನೇ.”

ಡಾಕ್ಟರಮ್ಮ ವಾಪಸು ಬರಬೇಕಾದ್ದು ಅದೇ ಸೇತುವೆಯ ಮೇಲೆ, ಎರಡು ಗಂಟೆಗೆ. ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಬೈಕು ಹತ್ತಿದೆ. ರೈನ್‌ಕೋಟು ಹಾಕಿಕೊಳ್ಳಲೂ ಇಲ್ಲ.

ಹತ್ತು ಹನ್ನೆರಡು ಕಿಲೋಮೀಟರ್ ದಾರಿ ಅದು. ಮಳೆಹನಿ ಮುಖಕ್ಕೆ ಮರಳಿನ ಹಾಗೆ ಹೊಡೆಯುತ್ತಿತ್ತು, ಕಣ್ಣು ಬಿಡಲಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಎದುರಿಗೆ ಒಂದೇ ಚಿತ್ರ. ಕಪ್ಪು ಕಾರು ನಡುನೀರಲ್ಲಿ ಆಫ್ ಆಗಿ ನಿಂತಿದೆ, ಒಳಗೆ ಬಿಳಿಕೂದಲಿನ ಡಾಕ್ಟರಮ್ಮ ಕೀ ತಿರುಗಿಸುತ್ತಲೇ ಇದ್ದಾರೆ. ಒಂದು ತಿರುವಿನಲ್ಲಿ ಕೆಸರಿಗೆ ಜಾರಿ ಬಿದ್ದೆ. ಮೊಣಕೈ ತರಚಿತು. ಎದ್ದು ಮತ್ತೆ ಹೊರಟೆ.

ಹಳ್ಳದ ಹತ್ತಿರ ಹೋದಾಗ ಸೇತುವೆ ಕಾಣುತ್ತಿರಲಿಲ್ಲ. ಇಕ್ಕೆಲದ ಗುರುತುಕಲ್ಲುಗಳು ಮಾತ್ರ ತಲೆ ಎತ್ತಿದ್ದವು. ಅವುಗಳ ನಡುವೆ ಕೆಂಪು ನೀರು ಅಡ್ಡಡ್ಡ ಹರಿಯುತ್ತಿತ್ತು. ಆಚೆ ದಡದ ಇಳಿಜಾರಿನಲ್ಲಿ ಎರಡು ಹೆಡ್‌ಲೈಟುಗಳು ನಿಧಾನಕ್ಕೆ ಕೆಳಗೆ ಬರುತ್ತಿದ್ದವು.

ಕೂಗಿದೆ. ಮಳೆಯಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಬೈಕು ಬಿಸಾಕಿ, ಕೈ ಎತ್ತಿಕೊಂಡು ನೀರಿಗೆ ಇಳಿದೆ. ಸೆಳೆತ ಮೀನಖಂಡಕ್ಕೆ ಬಡಿಯಿತು. ನಡುವೆ ಬಂದಾಗ ನೀರು ಮೊಣಕಾಲು ಮುಟ್ಟಿತು. ಕಾರಿನ ಮುಂದಿನ ಚಕ್ರ ನೀರಿಗೆ ತಾಗಿತ್ತು. ಓಡಿಹೋಗಿ ಎರಡೂ ಅಂಗೈಯಲ್ಲಿ ಬಾನೆಟ್ ಮೇಲೆ ಬಡಿದೆ.

“ಆಫ್ ಮಾಡಿ! ಇಂಜಿನ್ ಆಫ್ ಮಾಡಿ ಡಾಕ್ಟರಮ್ಮ!”

ಅವರು ಕಿಟಕಿ ಇಳಿಸಿದರು. “ಸಿದ್ದರಾಜು? ದಾರಿ ಬಿಡಪ್ಪ, ತುರ್ತಿದೆ.”

ಹಿಂದಿನ ಸೀಟು ಆಗ ನನ್ನ ಕಣ್ಣಿಗೆ ಬಿತ್ತು. ತುಂಬು ಬಸುರಿಯೊಬ್ಬಳು ಓರೆಯಾಗಿ ಮಲಗಿದ್ದಳು. ತುಟಿ ಬಿಳಿಚಿತ್ತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅತ್ತೆ ಚಿಕ್ಕತಾಯಮ್ಮ ನನ್ನನ್ನು ನೋಡಿ ಚೀರಿದರು.

“ಯಾಕಪ್ಪ ನಿಲ್ಲುಸ್ದೆ? ನನ್ ಸೊಸ ರಕ್ತ ಓಯ್ತಾ ಅದ ಕಣಪ್ಪ! ಬುಡಪ್ಪ ದಾರಿಯ!”

ಆಂಬುಲೆನ್ಸಿಗೆ ಹೇಗೋ ಫೋನು ತಾಗಿತ್ತಂತೆ. ಬೇರೆ ಕಡೆ ಹೋಗಿದೆ, ಒಂದು ತಾಸಾಗುತ್ತದೆ ಎಂದಿದ್ದರು. ಊರಲ್ಲಿದ್ದ ಒಂದೇ ಟ್ರ್ಯಾಕ್ಟರು ಅರಿಸಿನ ಹೇರಿಕೊಂಡು ಪೇಟೆಗೆ ಹೋಗಿತ್ತು. ಒಂದು ತಾಸು ಕಾಯುವಷ್ಟು ಹೊತ್ತು ಇವಳಿಗಿಲ್ಲ ಎಂದರು ಡಾಕ್ಟರಮ್ಮ.

ಹೇಳಲೇಬೇಕಿತ್ತು. ಅವಳ ಮುಂದೆ, ಆ ಅತ್ತೆಯ ಮುಂದೆ.

“ಈ ನೀರ್ಗ ಇಳುದ್ರ ಇಂಜಿನ್ನು ನೀರು ಕುಡ್ಕಂಡು ನಡುವ ನಿಂತೋಯ್ತದೆ ಡಾಕ್ಟರಮ್ಮ. ನಾನೇ ಬಾಯ ಕೆಳಗ ಮಡಗಿವ್ನಿ. ಗೊತ್ತಿತ್ತು ನನ್ಗ. ಹೇಳ್ನಿಲ್ಲ.”

ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ. “ಈಗೇನು ಮಾಡಬೇಕು? ಅದನ್ನ ಹೇಳು” ಎಂದರು.

“ಬಾನೆಟ್ ತೆಗೀರಿ. ಎರಡು ನಿಮಿಷ.”

ವಾರಗಟ್ಟಲೆ ಪಟ್ಟ ಪಾಡೆಲ್ಲ ನಿಂತಿದ್ದು ಒಂದು ಕ್ಲಿಪ್ಪಿನ ಮೇಲೆ. ಅದನ್ನು ಬಿಚ್ಚಿದರೆ ಕೆಳಗಿನ ಉದ್ದನೆಯ ಪೈಪು ಕಳಚುತ್ತದೆ. ಮೇಲಿನ ತುಂಡು ಬಾನೆಟ್ಟಿನಡಿ ಎತ್ತರದಲ್ಲೇ ಬಾಯಿ ತೆರೆದುಕೊಂಡಿರುತ್ತದೆ. ಇಂಜಿನ್ನು ಮೊದಲಿನ ಹಾಗೆ ಬಿಸಿಗಾಳಿ ಎಳೆದುಕೊಂಡು ಏದುಸಿರು ಬಿಡುತ್ತದೆ, ಆದರೆ ನೀರು ಕುಡಿಯುವುದಿಲ್ಲ. ಮಳೆನೀರಿಗೆ ಸ್ಕ್ರೂಡ್ರೈವರಿನ ತುದಿ ಸ್ಕ್ರೂ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಸಲ ಜಾರಿ ನೀರಿಗೆ ಬಿತ್ತು. ಕೆಸರಿನಲ್ಲಿ ತಡಕಾಡಿದೆ. ಹಿಂದಿನಿಂದ ಆ ಹೆಂಗಸಿನ ನರಳಾಟ ಕೇಳುತ್ತಿತ್ತು. ಸಿಕ್ಕಿತು. ಕ್ಲಿಪ್ಪು ಸಡಿಲವಾಯಿತು. ಪೈಪನ್ನು ಎರಡೂ ಕೈಯಲ್ಲಿ ತಿರುಚಿ ಎಳೆದು ದಡಕ್ಕೆಸೆದೆ.

“ಗಾಳಿ ಹೋಗೋ ಅಂಥ ಬಟ್ಟ ಏನಾರ ಕೊಡಿ. ಫ್ಯಾನು ನೀರು ಸಿಡುಸ್ತದ.”

ಡಾಕ್ಟರಮ್ಮ ಬ್ಯಾಗಿನಿಂದ ಗಾಯಕ್ಕೆ ಸುತ್ತುವ ತೆಳುಬಟ್ಟೆಯ ಸುರುಳಿ ಕೊಟ್ಟರು. ಎರಡು ಮಡಿಕೆ ಮಾಡಿ ಪೈಪಿನ ಬಾಯಿಗೆ ಬಿಗಿದೆ.

“ನಾನು ಮುಂದ ನಡೀತೀನಿ. ನಾನ್ ಕಾಲಿಟ್ಟ ಕಡೇನೇ ಬನ್ನಿ. ನೀರು ನನ್ ತೊಡಗ ಬಂದ್ರ ನಿಂತ್ಕತೀನಿ, ಹಿಂದಕ್ಕ ಹೋಗನ. ನಾನು ನಡೀತಿರೋಗಂಟ ಆಕ್ಸಿಲರೇಟರ್ ಮೇಲಿಂದ ಕಾಲು ಮಾತ್ರ ತೆಗೀಬೇಡಿ.”

ಅವರು ತಲೆಯಾಡಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎಡಗಡೆಯ ಗುರುತುಕಲ್ಲುಗಳನ್ನು ಎಣಿಸಿಕೊಂಡು ಹೆಜ್ಜೆ ಇಟ್ಟೆ. ಬೆನ್ನಿಗೆ ಒಂದೇ ಮಾರು ದೂರದಲ್ಲಿ ಇಂಜಿನ್ನು ಗೊರಗುಟ್ಟುತ್ತಿತ್ತು. ಬಂಪರು ತಳ್ಳಿದ ಅಲೆ ನನ್ನ ತೊಡೆಯ ಹಿಂದಕ್ಕೆ ಬಂದು ಬಡಿಯುತ್ತಿತ್ತು. ಆ ದುಂಡನೆಯ ತೂತು ಈಗ ನೀರಿನಡಿ ಇದೆ ಅಂತ ತಿರುಗಿ ನೋಡದೆಯೇ ಗೊತ್ತಾಯಿತು. ಐದನೇ ಕಲ್ಲಿನ ಹತ್ತಿರ ಇಂಜಿನ್ನು ಕೆಮ್ಮಿತು. ಒಂದು ಸಲ. ಇನ್ನೊಂದು ಸಲ. “ಬುಡಬ್ಯಾಡಿ! ಕಾಲು ತೆಗೀಬ್ಯಾಡಿ!” ಅಂತ ಕಿರುಚಿದೆ. ಅವರು ತೆಗೆಯಲಿಲ್ಲ. ಇಂಜಿನ್ನು ದಮ್ಮು ಕಟ್ಟಿ ಮತ್ತೆ ಎದ್ದಿತು. ಏಳನೇ ಕಲ್ಲು, ಎಂಟನೇ ಕಲ್ಲು. ಕಾಲ ಕೆಳಗೆ ರಸ್ತೆ ಏರಿದ್ದು ತಿಳಿಯಿತು. ನೀರು ಮೀನಖಂಡಕ್ಕೆ, ಆಮೇಲೆ ಪಾದಕ್ಕೆ ಇಳಿಯಿತು.

ಕಾರು ನನ್ನನ್ನು ದಾಟಿ ನಿಲ್ಲದೆ ಹೋಯಿತು. ನಾನು ಬೈಕು ಎತ್ತಿಕೊಂಡು ಹಿಂದೆ ಹೋದೆ.

ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ರಕ್ತ ಬೇಕೆಂದರು, ನನ್ನದು ಹೊಂದಲಿಲ್ಲ, ಬೇರೆ ಯಾರೋ ಕೊಟ್ಟರು. ಐದು ಗಂಟೆಯ ಹೊತ್ತಿಗೆ ಹೆಣ್ಣು ಮಗು, ಸಣ್ಣದು, ಉಸಿರಾಡುತ್ತಿದೆ ಎಂದರು. ತಾಯಿ ಗಂಡಾಂತರ ದಾಟಿದಳೆಂದು ಹೇಳಲು ಇನ್ನೂ ಒಂದು ತಾಸು ಹಿಡಿಯಿತು. ಚಿಕ್ಕತಾಯಮ್ಮ ನನ್ನ ಎರಡೂ ಕೈ ಹಿಡಿದು ಅತ್ತರು. ಅವರಿಗೆ ನಾನು ಹಳ್ಳಕ್ಕೆ ಇಳಿದು ದಾರಿ ತೋರಿಸಿದವನು. ನಾನು ಹೇಳಿದ ಮಾತು ಆ ಗಾಬರಿಯಲ್ಲಿ ಅವರ ಕಿವಿಗೆ ಬಿದ್ದಿರಲೇ ಇಲ್ಲ. ಆ ಕೈಗಳಿಂದ ನನ್ನ ಕೈ ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದರು. ಸೀರೆಯ ತುಂಬ ರಕ್ತದ ಕಲೆ. ವರಾಂಡದ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಹಾಗೇ ಕೇಳಿದರು.

“ಯಾವತ್ತಿಂದ ಗೊತ್ತಿತ್ತು ನಿನಗೆ?”

“ಅನ್ನೊಂದು ದಿನ ಆಯ್ತು ಡಾಕ್ಟರಮ್ಮ.”

“ಹೋದ ಗುರುವಾರ ನಾನು ಆ ಹಳ್ಳ ದಾಟಿ ಹೋಗಿ ಬಂದಿದ್ದೆ. ಇವತ್ತು ಬೆಳಿಗ್ಗೆಯೂ ದಾಟಿದ್ದೆ.”

ಅಷ್ಟೇ. ಎದ್ದು ಆಟೋ ಹತ್ತಿ ಮನೆಗೆ ಹೋದರು. ಮರುದಿನ ಅವರ ಕಾರನ್ನು ಬೇರೆ ಯಾರೋ ಬಂದು ತೆಗೆದುಕೊಂಡು ಹೋದರೆಂದು ತಿಳಿಯಿತು.

ಎರಡು ತಿಂಗಳು ಅವರು ನಮ್ಮ ಕಡೆ ತಿರುಗಲಿಲ್ಲ. ನನ್ನ ಬಗ್ಗೆ ಯಾರ ಹತ್ತಿರವೂ ಒಂದು ಕೆಟ್ಟ ಮಾತು ಆಡಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಪೇಟೆಯಲ್ಲಿ ಕಪ್ಪು ಕಾರು ಕಂಡರೆ ಅಂಗಡಿಯ ಮರೆಗೆ ಸರಿಯುತ್ತಿದ್ದೆ. ತಮ್ಮ ಕಾರಿಗೂ ಕಟ್ಟಿಕೊಡು ಎಂದಿದ್ದ ಇಬ್ಬರಿಗೂ ಆಗುವುದಿಲ್ಲ ಎಂದೆ. ಯಾಕೆ ಅಂತ ಅವರಲ್ಲೊಬ್ಬರು ಕೇಳಿದಾಗ ತಪ್ಪು ಗೊತ್ತಿದ್ದೂ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ. ಅವರು ಆಮೇಲೆ ಯಾವ ಕೆಲಸಕ್ಕೂ ನನ್ನ ಹತ್ತಿರ ಬರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಕಾರು ತಾನಾಗಿ ಬಂದು ಮುಂದೆ ನಿಂತಿತು. ಡಾಕ್ಟರಮ್ಮ ಇಳಿದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ನಾನು ಏನೂ ಕೇಳುವ ಮೊದಲೇ ಶುರು ಮಾಡಿದರು.

“ಬಾಯಿ ಮೇಲೆ ಇಟ್ಟು ಹೊಸದಾಗಿ ಕಟ್ಟಿಕೊಡು. ಅದಕ್ಕೆ ಮುಂಚೆ, ಅದರಲ್ಲಿ ಏನೇನು ಸರಿ ಇರಲ್ಲ ಅಂತ ಹೇಳು. ಎಲ್ಲ ಹೇಳು.”

ನಿಂತುಕೊಂಡೇ ಹೇಳಿದೆ. ಮೇಲಿಟ್ಟರೆ ಅಷ್ಟು ತಂಪುಗಾಳಿ ಸಿಗುವುದಿಲ್ಲ, ಏಪ್ರಿಲ್ ಮಧ್ಯಾಹ್ನ ಏರಿನಲ್ಲಿ ಒಂದಿಷ್ಟು ಏದುತ್ತದೆ. ಫಿಲ್ಟರು ಈ ಗಾಡಿಯದಲ್ಲ, ಬೇಗ ಬೇಗ ತೊಳೆಯಬೇಕು. ಬೆಸುಗೆ ಎರಡು ವರ್ಷಕ್ಕೆ ಬಿರುಕು ಬಿಡಬಹುದು. ಕೇಳಿರದಿದ್ದರೂ ಇನ್ನೊಂದು ಹೇಳಿದೆ. ಹಿಂದಿನ ಬ್ರೇಕು ಸವೆದಿದೆ, ಏಪ್ರಿಲ್‌ನಲ್ಲೇ ನೋಡಿದ್ದೆ, ಕೊಳವೆಯ ಗುಂಗಿನಲ್ಲಿ ಹೇಳಲು ಮರೆತೆ.

“ಇಷ್ಟೇನಾ?”

“ಇಷ್ಟೇ ಡಾಕ್ಟರಮ್ಮ.”

“ಸರಿ, ಮಾಡು” ಎಂದರು. ಎದ್ದು ಹೋಗುತ್ತಾರೆಂದುಕೊಂಡೆ, ಹೋಗಲಿಲ್ಲ. ಅಲ್ಲೇ ಕೂತು ಊಟದ ಡಬ್ಬಿ ಬಿಚ್ಚಿದರು, ಪೇಪರ್ ಓದಿದರು, ಆಗಾಗ ಕನ್ನಡಕದ ಮೇಲಿಂದ ನನ್ನ ಕೈ ನೋಡಿದರು. ನನ್ನ ಮೇಲೆ ನಂಬಿಕೆ ಬಂದು ಕೂತಿದ್ದರೋ, ಬಾರದೆ ಕೂತಿದ್ದರೋ, ಕೇಳುವ ಧೈರ್ಯ ನನಗಿರಲಿಲ್ಲ. ಸಂಜೆ ಕೆಲಸ ಮುಗಿದಾಗ ಕಾರಿನ ಬಾಗಿಲು ತೆರೆದು, ಒಳಗೆ ಕೂರುವ ಮುಂಚೆ ತಿರುಗಿದರು.

“ನಾಡಿದ್ದು ಗುರುವಾರ. ಏಳು ಗಂಟೆಗೆ ಮನೆ ಹತ್ತಿರ ಬಾ. ಹಳ್ಳದಲ್ಲಿ ಇನ್ನೂ ನೀರಿದೆಯಂತೆ. ಮೊದಲ ಸಲ ನೀನೇ ದಾಟಿಸು. ನಾನು ಪಕ್ಕದಲ್ಲಿ ಕೂತಿರ್ತೀನಿ.”

ಗುರುವಾರ ನಾನು ಆರು ಗಂಟೆಗೇ ಹೋಗಿ ಅವರ ಗೇಟಿನ ಹೊರಗೆ ನಿಂತಿದ್ದೆ.